ಕೌದಿಯ ನಾಲ್ಕನೇ ಮೂಲೆ

ಕೌದಿಗೂ ಹೊಟ್ಟೆ ಇರುತ್ತದೆ ಎಂಬುದು ಭಾಗವ್ವನ ನಂಬಿಕೆ. ಮೂರು ಮೂಲೆ ಹೊಲಿದು ಮುಗಿಸಿ ನಾಲ್ಕನೆಯದನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚಿಟಿಕೆ ಜೋಳ, ಒಂದು ಚೂರು ಒಣರೊಟ್ಟಿ ಇಡಬೇಕು. ಇಡದಿದ್ದರೆ ಕೌದಿ ಹಸಿದಿರುತ್ತದೆ, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ. ಇದನ್ನು ಅವಳಿಗೆ ಅವಳ ಅವ್ವ ಹೇಳಿದ್ದು. ಅವ್ವನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಬಾದಾಮಿ ಕಡೆಯ ಹಳ್ಳಿಯಿಂದ ಗೋವಾದ ಸಡಾ ಗುಡ್ಡಕ್ಕೆ ಬಂದು, ಗಂಡ ಬಂದರಿನಲ್ಲಿ ಮೂಟೆ ಹೊತ್ತು ತೀರಿಕೊಂಡು, ಮಗ ಯಮನೂರ ಅದೇ ಬಂದರಿನಲ್ಲಿ ಕೆಲಸಕ್ಕೆ ಸೇರಿ, ಇಷ್ಟೆಲ್ಲ ಆದರೂ ಭಾಗವ್ವ ಒಂದೇ ಒಂದು ಕೌದಿಯನ್ನೂ ಉಪವಾಸ ಕೆಡವಿದವಳಲ್ಲ.

ಸೊಸೆ ನೀಲಗಂಗಾ ವ್ಯಾಪಾರಕ್ಕೆ ಇಳಿದ ಮೇಲೆ ಕೆಡವಬೇಕಾಯಿತು.

ಹಾಗಂತ ಸೊಸೆ ಕೆಟ್ಟವಳೇನಲ್ಲ. ವೆರ್ಣಾದ ಔಷಧಿ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ, ಬೆಳಗಾದರೆ ಕಂಪನಿ ಬಸ್ಸಿಗೆ ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದ ಹೆಂಗಸು. ಅವಳ ತಮ್ಮ ಬಸು ಕಲಂಗುಟ್‌ನ ಬೀಚಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಭಾಗವ್ವ ಅವನಿಗೆಂದು ಕೊಟ್ಟ ಕೌದಿಯನ್ನು ಅವನು ಬಿಸಿಲಿಗೆ ಹರವಿದ್ದಾಗ ಪರದೇಶದ ಹೆಂಗಸೊಬ್ಬಳು ಅದರ ಮುಂದೆ ನಿಂತುಬಿಟ್ಟಳಂತೆ. ಬೆನ್ನು ಬಿದ್ದು ಕೇಳಿ, ಕೊಂಡೇ ಹೋದಳಂತೆ. ಬಸು ನಗುತ್ತ ಹೇಳಿದ ಆ ಸುದ್ದಿಗೆ ಮನೆಯವರೆಲ್ಲ ನಕ್ಕರು. ನೀಲಗಂಗಾ ಮಾತ್ರ ನಗಲಿಲ್ಲ. ಅಂದಿನಿಂದಲೇ ಅವಳ ತಲೆಯಲ್ಲಿ ಹುಳ ಹೊಕ್ಕಿತು. ಗೋಡೆಗೆ ಕೌದಿ ನೇತು ಹಾಕಿ ಫೋನಿನಲ್ಲಿ ಫೋಟೊ ತೆಗೆದಳು, ಆನ್‌ಲೈನ್ ಅಂಗಡಿ ತೆರೆದಳು. ಮೊದಲು ಪುಣೆ, ಬೆಂಗಳೂರಿಗೆ ಹೋದ ಕೌದಿಗಳು ಆಮೇಲೆ ಸಮುದ್ರ ದಾಟತೊಡಗಿದವು. ಓಣಿಯ ಶೈಲಾ, ಗೌರಿ ಮತ್ತೆ ನಾಲ್ಕಾರು ಹೆಂಗಸರು ಕಂಡವರ ಮನೆಗೆಲಸ ಬಿಟ್ಟು ಅವಳ ಪಡಸಾಲೆಯಲ್ಲಿ ಸೂಜಿ ಹಿಡಿದು ಕೂತರು.

ಪರದೇಶದ ಪಾರ್ಸಲ್ ಕಳಿಸಿಕೊಡುವ ಸಾಹಿಲ ವಾಸ್ಕೋದಲ್ಲಿ ಸಣ್ಣ ಆಫೀಸು ಇಟ್ಟಿದ್ದ. ಮೊದಲ ದಿನವೇ ಅವನು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: ಕಾಳು, ಬೀಜ, ಎಲೆ, ಮಣ್ಣು ಯಾವುದೂ ಒಳಗಿರಬಾರದು, ಅವುಗಳ ಜೊತೆ ಹುಳ, ರೋಗ ಬರುತ್ತದೆಂದು ಪರದೇಶದವರು ಒಳಗೆ ಬಿಡುವುದಿಲ್ಲ. ನೀಲಗಂಗಾ ಮನೆಗೆ ಬಂದು ಅದನ್ನೇ ಹೇಳಿದಳು. ಭಾಗವ್ವನಿಗೆ ಸಿಟ್ಟು ನೆತ್ತಿಗೇರಿತು.

"ಕಾಳ ಅಂದ್ರ ಏನ ಬಾಂಬ್ ಐತೇನ? ಮಂದಿ ತಿನ್ನೂ ಜೋಳ ಅದು!"

"ಅವರಿಗೆ ಹಂಗs ಕಾಣತೈತ್ರಿ ಅತ್ತಿ. ಒಂದ ಕಾಳ ಸಿಕ್ಕರೂ ತಡದ ಹಿಡೀತಾರ."

ಮೂರು ದಿನ ಸೂಜಿ ಮುಟ್ಟದೆ ಕೂತ ಭಾಗವ್ವ ನಾಲ್ಕನೆಯ ದಿನ ತಾನಾಗಿಯೇ ಬಂದು ಹೊಲಿಯಲು ಕೂತಳು. ಜೋಳ ಇಡಲಿಲ್ಲ. ಆದರೆ ಪ್ರತಿ ಕೌದಿ ಹೊರಡುವಾಗಲೂ ಅದರ ಮೇಲೊಮ್ಮೆ ಕೈಯಾಡಿಸಿ, "ಹಸದ ಹೊಂಟೀ ನನ್ನವ್ವ" ಎನ್ನುತ್ತಿದ್ದಳು. ನೀಲಗಂಗಾ ಕೇಳಿಸದವಳಂತೆ ಡಬ್ಬಿಗೆ ಟೇಪು ಸುತ್ತುತ್ತಿದ್ದಳು.

ವಿದ್ಯಾ ಬಂದದ್ದು ಆ ದಿನಗಳಲ್ಲೇ. ಧಾರವಾಡದ ಬಟ್ಟೆ ವ್ಯಾಪಾರಿಗಳ ಮಗಳು, ಮೆಲ್ಬರ್ನಿನಲ್ಲಿ ಸಂಸಾರ. ತಾಯಿಯ ದಿನಕರ್ಮ ಮುಗಿಸಿ ಗೋವಾದಿಂದ ವಿಮಾನ ಹತ್ತುವವಳಿದ್ದಳು. ಆನ್‌ಲೈನ್ ಅಂಗಡಿಯಲ್ಲಿ ಸಡಾ ಎಂಬ ವಿಳಾಸ ನೋಡಿ, ಗುಡ್ಡ ಹತ್ತಿ ಮನೆಗೇ ಬಂದಳು. ಚೀಲದಿಂದ ತಾಯಿಯ ಸೀರೆಗಳನ್ನು ಒಂದೊಂದಾಗಿ ತೆಗೆದು ಚಾಪೆಯ ಮೇಲಿಟ್ಟಳು. ಎಲ್ಲವೂ ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಗಳು.

"ಇವನ್ನ ಒಗದಿಲ್ರಿ ನಾನು. ಇನ್ನೂ ಅವ್ವನ ವಾಸನಿ ಐತಿ," ಎಂದಳು. "ಇವನ್ನೆಲ್ಲಾ ಕೂಡಿಸಿ ಒಂದ ಕೌದಿ ಮಾಡಿಕೊಡ್ರಿ ನೀಲಕ್ಕಾ. ಅಲ್ಲೆ ಥಂಡಿ ಭಾಳ."

ಭಾಗವ್ವ ಒಂದು ಸೀರೆಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. "ಇದನ್ನ ನಾನs ಹೊಲೀತೇನವ್ವಾ. ಬ್ಯಾರೆ ಯಾರಿಗೂ ಮುಟ್ಟಾಕ ಕೊಡಂಗಿಲ್ಲ," ಎಂದಳು.

ಕೊಟ್ಟ ಮಾತಿನಂತೆ ಯಾರಿಗೂ ಮುಟ್ಟಗೊಡಲಿಲ್ಲ. ಬೇರೆಯವರು ಎರಡು ಮೂರು ಕೌದಿ ಮುಗಿಸುವಷ್ಟು ಹೊತ್ತು ಅವಳೊಬ್ಬಳೇ ಅದರ ಮೇಲೆ ಬಾಗಿ ಕೂತಿದ್ದಳು. ನಾಲ್ಕನೇ ಮೂಲೆಗೆ ಬಂದಾಗ ಸೊಸೆಯನ್ನು ಕೇಳಿದಳು.

"ನೀಲಾ, ಇದೊಂದಕ್ಕ ಇಡತೇನಿ. ತಾಯಿ ಸೀರಿ ಇವು. ಖಾಲಿ ಹೊಟ್ಟಿಲೆ ಹೆಂಗ ಕಳಸೂದು?"

"ಬ್ಯಾಡ್ರಿ ಅತ್ತಿ. ಎಷ್ಟ ಸಲ ಹೇಳಬೇಕ್ರಿ ನಿಮಗ?"

ಭಾಗವ್ವ ತಲೆಯಾಡಿಸಿ ಸೂಜಿ ಎತ್ತಿಕೊಂಡಳು. ಅಷ್ಟು ಬೇಗ ಸುಮ್ಮನಾದಾಗಲೇ ನೀಲಗಂಗಾಳಿಗೆ ಅನುಮಾನ ಬರಬೇಕಿತ್ತು.

ಆ ವಾರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿದ್ಯಾ ಇದ್ದ ದೇಶದಲ್ಲೇ ಒಂದು ದೊಡ್ಡ ಅಂಗಡಿಯವರು ಮೊದಲ ಬಾರಿಗೆ ರಾಶಿ ಕೌದಿ ಕೇಳಿದ್ದರು. ಓಣಿಯ ಹೆಂಗಸರೆಲ್ಲ ತಿಂಗಳುಗಟ್ಟಲೆ ಹೊಲಿದದ್ದು ಆ ಅಂಗಡಿಗಾಗಿಯೇ. ಆ ಮಾಲು ಹಡಗಿನಲ್ಲಿ ಹೋಗುವುದು, ವಿದ್ಯಾಳ ಕೌದಿ ವಿಮಾನದಲ್ಲಿ. ಎರಡೂ ಒಂದೇ ದಿನ ಮನೆ ಬಿಡಬೇಕು. ಹೊರಗೆ ಸಾಹಿಲನ ಗಾಡಿ ಹಾರ್ನು ಹೊಡೆಯುತ್ತಿತ್ತು.

ಮಡಚುವ ಮೊದಲು ಪ್ರತಿ ಮೂಲೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುವುದು ನೀಲಗಂಗಾಳ ರೂಢಿ. ವಿದ್ಯಾಳ ಕೌದಿಯ ನಾಲ್ಕನೇ ಮೂಲೆಯಲ್ಲಿ ಬೆರಳಿಗೆ ಕಾಳು ಹತ್ತಿದವು. ತಲೆ ಎತ್ತಿ ನೋಡಿದಳು. ಭಾಗವ್ವ ಗೋಡೆಯ ಕಡೆ ಮುಖ ಮಾಡಿ, ಎಂದೂ ಇಲ್ಲದ ಶ್ರದ್ಧೆಯಿಂದ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಕತ್ತರಿ ಕೈಗೆಟಕುವಲ್ಲೇ ಇತ್ತು. ಬಿಚ್ಚಿ ಮತ್ತೆ ಹೊಲಿಯುವುದು ದೊಡ್ಡ ಕೆಲಸವೂ ಅಲ್ಲ. ಆದರೆ ಆ ಮುದುಕಿಯ ಬೆನ್ನು ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಹೊರಗೆ ಹಾರ್ನು ಬೇರೆ. ಇಷ್ಟು ಕೌದಿ ಕಳಿಸಿದ್ದೇನೆ, ಒಂದನ್ನಾದರೂ ಯಾರು ಒತ್ತಿ ನೋಡಿದ್ದಾರೆ ಎಂದುಕೊಂಡು ಮಡಚಿ ಡಬ್ಬಿಗೆ ಹಾಕಿದಳು. ಧಾನ್ಯ, ಬೀಜ ಏನೂ ಇಲ್ಲವೆಂದು ಸಹಿಯನ್ನೂ ಮಾಡಿದಳು. ಅವಳು ಅಷ್ಟಕ್ಕೇ ನಿಂತಿದ್ದರೆ ಯಾರೂ ಅವಳನ್ನು ದೂರುತ್ತಿರಲಿಲ್ಲ. ಆಮೇಲೆ ಮಾಡಿದ್ದೇ ಬೇರೆ.

ಕೆಲವು ದಿನಗಳ ನಂತರ ಸಾಹಿಲ ಫೋನ್ ಮಾಡಿದ.

"ಅಕ್ಕಾ, ಆ ಧಾರವಾಡದವರ ಪಾರ್ಸಲ್ ಅಲ್ಲೆ ಮೆಲ್ಬರ್ನಿನ ಕಸ್ಟಮ್ಸ್ ಆಫೀಸಿನ್ಯಾಗ ಹಿಡದಾರ್ರಿ. ಮಷಿನ್ಯಾಗ ಏನೋ ಕಾಳ ಕಂಡಾವಂತ. ಕಾಗದ ಎಲ್ಲಾ ನಿಮ್ಮ ಹೆಸರಿಲೆ ಅದಾವಲ್ರಿ, ಅದಕ್ಕ ನಿಮ್ಮನ್ನ ಕೇಳಾಕತ್ತಾರ."

"ಏನ ಮಾಡಬೇಕೀಗ?"

"ಎರಡs ದಾರಿರಿ. ಒಳಗ ಜೋಳ ಐತಿ ಅಂತ ಬರಕೊಟ್ಟ, ಅದನ್ನ ತಗದ ಕೌದಿ ಬಿಡ್ರಿ ಅಂತ ಕೇಳಕೊಳ್ಳೂದು. ಇಲ್ಲಾಂದ್ರ ನಮಗ ಬ್ಯಾಡ, ನಾಶ ಮಾಡ್ರಿ ಅನ್ನೂದು." ದನಿ ತಗ್ಗಿಸಿದ. "ಬರಕೊಟ್ರಿ ಅಂದ್ರ ಹಿಂದಿಂದ ಬರೂ ಹಡಗಿನ ಮಾಲೂ ಬಿಚ್ಚಿ ನೋಡ್ತಾರೇನೋ. ಅಂಗಡ್ಯಾವರ ಹಬ್ಬದ ಸೀಜನ್ ತಪ್ಪತೈತಿ. ನಾಳಿತನಕ ವಿಚಾರ ಮಾಡ್ರಿ."

ಹಡಗಿನ ಮಾಲಿನಲ್ಲಿ ಒಂದು ಕಾಳೂ ಇರಲಿಲ್ಲ. ಅದು ಅವಳ ಹೆಬ್ಬೆರಳಿಗೇ ಗೊತ್ತಿತ್ತು. ಆದರೆ ತಡವಾದರೆ ಅಂಗಡಿಯವರು ಬೇಡ ಎಂದುಬಿಟ್ಟರೆ? ಶೈಲಾ, ಗೌರಿ ಮತ್ತೆ ಯಾರದೋ ಮನೆಯ ಮುಸುರೆ ತಿಕ್ಕಲು ಹೋಗಬೇಕು. ತಾನು ಮತ್ತೆ ಕಂಪನಿ ಬಸ್ಸು ಹತ್ತಬೇಕು. ಒಂದಿಡೀ ದಿನ ನೀಲಗಂಗಾ ಇದನ್ನೇ ಯೋಚಿಸಿದಳು. ಎಲ್ಲರನ್ನೂ ನೆನೆಸಿಕೊಂಡಳು. ಆ ಕೌದಿ ಯಾರದೋ ಅವಳಿಗೆ ಒಂದು ಫೋನ್ ಮಾಡಿ, ಹೀಗಾಗಿದೆ ಏನು ಮಾಡಲಿ ಎಂದು ಕೇಳಬಹುದಿತ್ತು. ಅದೊಂದನ್ನು ಮಾಡಲಿಲ್ಲ.

ಮರುದಿನ ಸಾಹಿಲನಿಗೆ, "ಬಿಟ್ಟ ಬಿಡಪಾ ಅದನ್ನ," ಎಂದಳು.

ಹಡಗಿನ ಮಾಲು ಯಾರ ತಂಟೆಯೂ ಇಲ್ಲದೆ ಹೋಗಿ ಮುಟ್ಟಿತು. ಬರೆದುಕೊಟ್ಟಿದ್ದರೆ ನಿಜವಾಗಿ ಬಿಚ್ಚುತ್ತಿದ್ದರೋ ಇಲ್ಲವೋ ಅವಳಿಗೆ ಇಂದಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ವಿದ್ಯಾಳಿಗೆ ಫೋನ್ ಮಾಡಿ, ಪಾರ್ಸಲ್ ದಾರಿಯಲ್ಲಿ ಕಳೆದುಹೋಯಿತು ಎಂದಳು. "ಇರಲಿ ಬಿಡ್ರಿ ನೀಲಕ್ಕಾ. ನೀವರ ಏನ ಮಾಡ್ತೀರಿ," ಎಂದಳು ವಿದ್ಯಾ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭಾಗವ್ವನಿಗೆ, "ಮುಟ್ಟೇತ್ರಿ ಅತ್ತಿ," ಎಂದಳು.

ವ್ಯಾಪಾರ ಬೆಳೆಯಿತು. ಒಂದು ಅಂಗಡಿಯಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಇನ್ನೊಂದಕ್ಕೆ ಹೆಸರು ಹಬ್ಬಿತು. ವೆರ್ಣಾದಲ್ಲಿ ಅವಳು ಬಸ್ಸಿಳಿಯುತ್ತಿದ್ದ ಜಾಗದ ಹತ್ತಿರವೇ ಬಾಡಿಗೆಗೆ ಶೆಡ್ಡು ಹಿಡಿದಳು. ಹೆಸರು ಬೋರ್ಡಿಗೇರಿತು. ಭಾಗವ್ವ ಮಾತ್ರ ಚಳಿಗಾಲ ಬಂದಾಗೊಮ್ಮೆ, ಹೋದಾಗೊಮ್ಮೆ ಕೇಳುತ್ತಿದ್ದಳು.

"ಆ ಧಾರವಾಡದ ಹುಡುಗಿ ಫೋನ್ ಮಾಡಿದ್ಲೇನ? ನಿದ್ದಿ ಬರತೈತಂತೇನ ಅಕೀಗೆ?"

"ಬರತೈತಂತ್ರಿ."

ಈ ಪ್ರಶ್ನೆಯ ಹೆದರಿಕೆಗೇ ನೀಲಗಂಗಾ ಎಷ್ಟೋ ದಿನ ಶೆಡ್ಡಿನಲ್ಲೇ ಊಟ ಮಾಡಿದ್ದಾಳೆ.

ಎರಡು ವರ್ಷದ ಮೇಲೆ, ಮಳೆಗಾಲ ಕಳೆದ ಒಂದು ಮಧ್ಯಾಹ್ನ, ಹೇಳದೆ ಕೇಳದೆ ವಿದ್ಯಾ ಬಾಗಿಲಲ್ಲಿ ನಿಂತಿದ್ದಳು. ತಾಯಿಯ ಎರಡನೇ ವರ್ಷದ ಕಾರ್ಯಕ್ಕೆ ಊರಿಗೆ ಬಂದು ಹಿಂತಿರುಗುತ್ತಿದ್ದಳು. ಚೀಲದಿಂದ ಒಂದು ಇಳಕಲ್ ಸೀರೆ ತೆಗೆದಳು. "ಟ್ರಂಕಿನ ತಳದಾಗ ಇದೊಂದ ಉಳದಿತ್ರಿ ಅವ್ವನ್ದು. ಈ ಸಲ ನನ್ನ ಕೈಲೇ ಒಯ್ಯತೇನಿ, ಕಳ್ಯಾಂಗಿಲ್ಲ. ಸಣ್ಣದಾದ್ರೂ ಆಗಲಿ, ಮಾಡಿಕೊಡ್ರಿ," ಎನ್ನುವಷ್ಟರಲ್ಲಿ ಒಳಗಿನಿಂದ ಭಾಗವ್ವ ಗೋಡೆ ಹಿಡಿದುಕೊಂಡು ಬಂದಳು. ಕಿವಿ ಈಚೆಗೆ ಮಂದವಾಗಿತ್ತು, ಕಣ್ಣು ಇನ್ನೂ ಚುರುಕು.

"ಬಂದ್ಯಾ ನನ್ನವ್ವ! ಬೆಚ್ಚಗೈತೇನ ಕೌದಿ? ನಿದ್ದಿ ಬರತೈತೇನ?"

ವಿದ್ಯಾ ನೀಲಗಂಗಾಳ ಮುಖ ನೋಡಿದಳು. ನೀಲಗಂಗಾ ನೆಲ ನೋಡಿದಳು. ಮುದುಕಿ ನೊಂದುಕೊಳ್ಳಬಾರದೆಂದು ಮುಚ್ಚಿಟ್ಟಿರಬೇಕು ಎಂದು ವಿದ್ಯಾ ಒಳ್ಳೆಯದನ್ನೇ ಊಹಿಸಿದಳೇನೋ. "ಭಾಳ ಬೆಚ್ಚಗೈತ್ರಿ ಅವ್ವಾ. ಚಲೋ ನಿದ್ದಿ ಬರತೈತಿ," ಎಂದಳು.

ಚಹಾ ಮಾಡುತ್ತೇನೆಂದು ನೀಲಗಂಗಾ ಒಳಗೆ ತಪ್ಪಿಸಿಕೊಂಡಳು. ಕಿವಿ ಮಂದವಾದವರ ಗುಟ್ಟು ಓಣಿಗೆಲ್ಲ ಕೇಳುತ್ತದೆ. ಒಲೆಯ ಮುಂದೆ ನಿಂತವಳಿಗೆ ಭಾಗವ್ವನ ಒಂದೊಂದು ಮಾತೂ ಕೇಳಿಸಿತು.

"ನೀಲಾಗ ಹೇಳಬ್ಯಾಡ. ಅಕಿ ಬ್ಯಾಡ ಅಂದ್ರೂ ನಾ ಅದರ ಮೂಲ್ಯಾಗ ಜೋಳಾ ರೊಟ್ಟಿ ಇಟ್ಟ ಹೊಲದೇನಿ. ನಿಮ್ಮವ್ವನ ಸೀರಿ, ಉಪಾಸ ಕಳಸಲೇನ? ಅದಕ್ಕs ನಿನಗ ನಿದ್ದಿ ಬರಾಕತ್ತೈತಿ."

ಚಹಾ ತಂದಾಗ ವಿದ್ಯಾಳ ಮುಖ ಬೇರೆಯಾಗಿತ್ತು. ಅವಳೂ ಆ ದೇಶದ ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿ ತೋರಿಸಿದವಳೇ, ಕಾಳು ಸಿಕ್ಕರೆ ಹಿಡಿಯುತ್ತಾರೆಂದು ಬಲ್ಲವಳು. "ನೀಲಕ್ಕಾ, ಸ್ವಲ್ಪ ಹೊರಗ ಬರ್ರಿ," ಎಂದಳು.

ಹೊರಗೆ, ಕೆಳಗಿನ ಬಂದರು ಕಾಣುವ ಕಟ್ಟೆಯ ಹತ್ತಿರ ನಿಂತರು.

"ಅದು ಕಳೀಲಿಲ್ಲ. ಹೌದಿಲ್ರಿ?"

ನೀಲಗಂಗಾ ಎಲ್ಲವನ್ನೂ ಹೇಳಿದಳು. ಬೆರಳಿಗೆ ಕಾಳು ಹತ್ತಿದ್ದು, ಸಾಹಿಲ ಹೇಳಿದ ಎರಡು ದಾರಿ, ತಾನು ಹಿಡಿದ ದಾರಿ. ಓಣಿಯ ಹೆಂಗಸರ ಹೊಟ್ಟೆಪಾಡಿನ ಮಾತು ಬಾಯಿಗೆ ಬಂತು, ನುಂಗಿಕೊಂಡಳು.

"ನನಗೊಂದ ಮಾತ ಕೇಳಬೇಕಿತ್ರಿ," ಎಂದಳು ವಿದ್ಯಾ. ಧ್ವನಿ ಏರಲಿಲ್ಲ. "ನಮ್ಮ ಮನಿಯಿಂದ ಆ ಆಫೀಸ ಭಾಳ ದೂರಿಲ್ಲ. ನಾನs ಹೋಗಿ ಕೈಮುಗದ ಕೇಳ್ತಿದ್ದೆ. ಮೂಲಿ ಕತ್ತರಿಸಿ ಉಳದದ್ದ ಕೊಡ್ರಿ ಅಂತಿದ್ದೆ. ಕೊಡತಿದ್ರೋ ಇಲ್ಲೋ. ಕೇಳತಿದ್ದೆ ನಾನು."

ನೀಲಗಂಗಾ ಅವಳ ಕೈ ಹಿಡಿಯಲು ಹೋದಳು. ವಿದ್ಯಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಿಮ್ಮ ಅತ್ತಿಯವರಿಗೆ ಮಾತ್ರ ಹೇಳಬ್ಯಾಡ್ರಿ," ಎಂದಳು. "ತಮ್ಮ ಕೈಲೆ ಆತು ಅಂತ ಕೊರಗಿ ಸಾಯ್ತಾರ. ಇಷ್ಟಾದ್ರೂ ಮಾಡ್ರಿ ನನಗ."

ಒಳಗೆ ಭಾಗವ್ವ ಇಳಕಲ್ ಸೀರೆಯನ್ನು ಆಗಲೇ ತೊಡೆಯ ಮೇಲೆ ಹರವಿಕೊಂಡು, ಅದಕ್ಕೆ ಹೊಂದುವ ದಾರ ಆರಿಸುತ್ತಿದ್ದಳು. ವಿದ್ಯಾ ಪಕ್ಕದಲ್ಲಿ ಕೂತು ಮೆಲ್ಲಗೆ ಸೀರೆಯನ್ನು ಎತ್ತಿಕೊಂಡಳು.

"ಇದನ್ನ ಕತ್ತರಿಸೂದ ಬ್ಯಾಡ್ರಿ ಅವ್ವಾ. ನಾನs ಉಟ್ಕೋತೇನಿ."

"ಚಲೋ ಆತ ಬಿಡು. ತಾಯಿ ಸೀರಿ ಮಗಳ ಉಡಬೇಕು," ಎಂದು ಭಾಗವ್ವ ಮುಖ ಅರಳಿಸಿದಳು. ವಿದ್ಯಾ ಅವಳ ಕಾಲಿಗೆ ನಮಸ್ಕಾರ ಮಾಡಿ, ಸೀರೆಯನ್ನು ಚೀಲಕ್ಕಿಟ್ಟು ಹೊರಟಳು. ನೀಲಗಂಗಾಳಿಗೆ ಹೋಗಿ ಬರುತ್ತೇನೆ ಎನ್ನಲಿಲ್ಲ. ಚಹಾ ಕುಡಿಯದೆ ಉಳಿದಿತ್ತು.

ಆ ಸಂಜೆ ಭಾಗವ್ವನ ಸಂಭ್ರಮ ಹೇಳತೀರದು. ಎರಡು ವರ್ಷ ಬಚ್ಚಿಟ್ಟ ಗುಟ್ಟನ್ನು ತಾನೇ ಸೊಸೆಯ ಮುಂದೆ ಬಿಚ್ಚಿದಳು.

"ಕೇಳಿದಿಲ್ಲ ಅಕಿ ಬಾಯಾಗಿಂದs? ಜೋಳ ಇಟ್ಟs ಕಳಿಸಿದ್ದೆ ನಾನು. ಯಾರರ ಹಿಡದ್ರೇನ? ಎಲ್ಲಿ ಅದಾನ ನಿನ್ನ ಸಾಹಿಲ, ಕರಿ ಅವನ್ನ!" ಎಂದು ನಕ್ಕಳು. "ಇನ್ನ ಮ್ಯಾಲೆ ಎಲ್ಲಾದಕ್ಕೂ ಇಡತೇವಿ. ಶೈಲಾಗ, ಗೌರಿಗ ನಾನs ಹೇಳ್ತೇನಿ."

ಬೇಡ ಎನ್ನಬೇಕಾದರೆ ಯಾಕೆ ಬೇಡ ಎಂದೂ ಹೇಳಬೇಕು. ಹೇಳುವ ಬಾಯನ್ನು ವಿದ್ಯಾ ಕಟ್ಟಿಹಾಕಿ ಹೋಗಿದ್ದಳು. ನೀಲಗಂಗಾ, "ಆಗಲಿರಿ," ಎಂದಳು.

ಈಗ ಸಡಾದಿಂದ ಶೆಡ್ಡಿಗೆ ಬರುವ ಕೌದಿಗಳೆಲ್ಲ ಹೊಟ್ಟೆ ತುಂಬಿಕೊಂಡೇ ಬರುತ್ತವೆ. ವೆರ್ಣಾದ ಶೆಡ್ಡಿನಲ್ಲಿ ನೀಲಗಂಗಾ ಬಾಗಿಲು ಮುಂದಕ್ಕೆಳೆದು ಒಬ್ಬಳೇ ಕೂರುತ್ತಾಳೆ. ಒಂದೊಂದರ ನಾಲ್ಕನೇ ಮೂಲೆಯನ್ನೂ ಬ್ಲೇಡಿನಿಂದ ಬಿಚ್ಚಿ, ಜೋಳ ತೆಗೆದು, ರೊಟ್ಟಿಯ ಪುಡಿ ಕೊಡವಿ, ಮತ್ತೆ ಹೊಲಿಯುತ್ತಾಳೆ. ಅವಳ ಹೊಲಿಗೆ ಅತ್ತೆಯದರಷ್ಟು ಸಣ್ಣದಲ್ಲ, ಗಿರಾಕಿಗಳಿಗೆ ಅದು ತಿಳಿಯುವುದಿಲ್ಲ. ತೆಗೆದ ಕಾಳನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕುತ್ತಾಳೆ. ಹಿಟ್ಟು ಮಾಡಿಸಲು ಮನಸ್ಸು ಬರುವುದಿಲ್ಲ, ಚೆಲ್ಲಲು ಕೈ ಬರುವುದಿಲ್ಲ. ಡಬ್ಬಿ ತುಂಬುತ್ತ ಬಂದಿದೆ.

ಮನೆಗೆ ಬಂದರೆ ಭಾಗವ್ವ ಹೊಸ್ತಿಲಲ್ಲೇ ಕಾದಿರುತ್ತಾಳೆ.

"ಇವತ್ತಿನವೆಲ್ಲಾ ಹ್ವಾದವೇನ?"

"ಹ್ವಾದವ್ರಿ ಅತ್ತಿ."

"ಹಸದ ಹೋಗಲಿಲ್ಲಲ್ಲ?"

"ಇಲ್ರಿ," ಎನ್ನುತ್ತಾಳೆ ನೀಲಗಂಗಾ.