ಐದಕ್ಕೆ ಐದರ ಕಕ್ಕಸು

ಬಿಸಿಲು ಬಲಿಯುತ್ತಿದ್ದ ದಿನಗಳು. ಬೆಳಗಿನ ಗಂಟೆ ಇನ್ನೂ ಹೊಡೆದಿರಲಿಲ್ಲ.

“ಏ ದರಿದ್ರದೋಳೇ, ಕನ್ನಡಿ ತರ ಹೊಳೀಬೇಕು ಅಂದಿರ್ಲಿಲ್ವಾ? ಆ ಮೂಲೆ ನಿಮ್ಮಪ್ಪ ಬಂದು ಉಜ್ತಾನಾ?”

ಶಾಲೆಯ ದೊಡ್ಡ ಸರ್ ಮೂಗಿಗೆ ಕರವಸ್ತ್ರ ಹಿಡಿದೇ ಬೈದರು. ಆಯಾ ಮೊಣಕಾಲೂರಿ ಮತ್ತೆ ಉಜ್ಜಿದಳು. ಮೂಗು ಮುಚ್ಚುವಂಥದ್ದು ಅಲ್ಲೇನಿತ್ತು? ವರ್ಷದ ಹಿಂದೆ ಹೊಸ ಕಕ್ಕಸು ಕಟ್ಟಿದಂದಿನಿಂದ ಅದಕ್ಕೆ ಬೀಗ. ದಿನಾ ತೆಗೆದು, ತೊಳೆದು, ಮತ್ತೆ ಬೀಗ ಜಡಿಯುವುದು ಅವಳ ಕೆಲಸ. ಹೆಣ್ಣುಮಕ್ಕಳೂ ಅವಳೂ ಹೋಗುತ್ತಿದ್ದದ್ದು ಹಿಂದಿನ ಮುರುಕು ಗೋಡೆಯ ಮರೆಗೆ. ಹೆಣಕ್ಕೆ ಸಿಂಗಾರ ಮಾಡೋ ಕೆಲಸ ಸಿಕ್ತಲ್ಲೇ ನಿಂಗೆ, ಎಂದು ತನ್ನನ್ನೇ ಆಡಿಕೊಂಡು ನಗುತ್ತಿದ್ದಳು.

ಅವತ್ತು ಅಳೆಯುವವರು ಬರುವವರಿದ್ದರು. ಯಾವ ಶಾಲೆಯ ದೊಡ್ಡ ಸರ್‌ಗೆ ಎಷ್ಟು ಹೊಸ ಬುದ್ಧಿ ಇದೆ ಎಂದು ಅಳೆದು, ಗೆದ್ದವರನ್ನು ಮೇಲಿನ ಕುರ್ಚಿಗೆ ಕರೆದೊಯ್ಯುತ್ತಾರಂತೆ.

“ಟೇಪು ತಲೆಗೆ ಸುತ್ತುತ್ತಾರಾ, ಹೊಟ್ಟೆಗಾ?” ಎಂದು ಆಯಾ ಕೇಳಿದ್ದಕ್ಕೆ ಗೇಟು ಕಾಯುವ ಗೇಟಿನಣ್ಣ, “ಹೊಟ್ಟೆಗಾದ್ರೆ ನಮ್ಮ ಸಾಹೇಬ್ರೇ ಫಸ್ಟು ಬಿಡಕ್ಕ” ಅಂದಿದ್ದ.

ಮಧ್ಯಾಹ್ನ ಅಳೆಯುವವರು ಅವಳನ್ನೂ ಕರೆದು ಕೂರಿಸಿದರು. ವರ್ಷಗಟ್ಟಲೆ ಒರೆಸಿದ್ದ ಕುರ್ಚಿ. ಅವಳ ಕುಂಡಿಗೆ ಅದರ ಪರಿಚಯವಾದದ್ದು ಅವತ್ತೇ.

“ಹೊಸ ಯೋಚನೇಲಿ ನಿಮ್ಮ ಸರ್‌ಗೆ ಐದಕ್ಕೆ ಎಷ್ಟು ಕೊಡ್ತೀರಮ್ಮ?” ಅಳೆಯುವ ಹುಡುಗಿ ಕೇಳಿದಳು.

“ಐದು.” ಸರ್ ಹೇಳಿಕೊಟ್ಟದ್ದು ಅಷ್ಟೇ.

“ಒಂದು ಉದಾಹರಣೆ?”

ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. “ಕಕ್ಕಸಿಗೆ ಬೀಗ ಹಾಕ್ಸಿದಾರೆ ಕಣವ್ವ. ಯಾರೂ ಹೇಲದಿದ್ರೆ ಗಲೀಜೇ ಆಗಲ್ವಲ್ಲ! ಇಂಥ ತಲೆ ನಮ್ಮಂಥೋರಿಗೆ ಎಲ್ಲಿಂದ ಬರ್ಬೇಕು?”

ಪಕ್ಕದಲ್ಲೇ ನಿಂತಿದ್ದ ಸರ್ ಮುಖ ಹುಳ್ಳಗಾಯಿತು. ಅವರ ಮಾನ ಹರಾಜು ಹಾಕಿದೆ ಎಂದುಕೊಂಡಳು ಆಯಾ. ಹುಡುಗಿ ನಗಲೂ ಇಲ್ಲ. “ನಿರ್ವಹಣೆಯಲ್ಲಿ ಹೊಸತನ” ಎಂದು ಬರೆದುಕೊಂಡು ಫೋನಿನಲ್ಲಿ ಐದನ್ನು ಒತ್ತಿದಳು. “ಆ ಬೀಗ ಹಾಕಿದ ಕಕ್ಕಸಿನದ್ದೊಂದು ಫೋಟೋ ಬೇಕು ಸರ್.”

ನನ್ನ ಬಾಯಿಗೆ ಮಣ್ಣು ಹಾಕ! ಬೀಗಾನ ನಾನೇ ಗಟ್ಟಿ ಮಾಡಿದೆನಲ್ಲ, ಎಂದು ಹಣೆ ಚಚ್ಚಿಕೊಂಡು ಆಯಾ ಹೊರಬಿದ್ದಳು. ಗೋಡೆಯ ಕಡೆ ಹೊರಟಿದ್ದ ಹುಡುಗಿಯರನ್ನು ಕೂಗಿದಳು. “ಬರ್ರೇ ಇಲ್ಲಿ, ಸಾಲು ನಿಲ್ರೇ!” ಬೀಗ ತೆಗೆದು ಮೊದಲು ತಾನೇ ಒಳಹೊಕ್ಕು ಚಿಲಕ ಹಾಕಿಕೊಂಡಳು.

ಫೋಟೋದವರು ಬಂದಾಗ ಬಾಗಿಲ ಮುಂದೆ ಸಾಲು. ಸರ್ ಬಾಗಿಲು ಗುದ್ದಿದರು. “ಬಾರೇ ಆಚೆ, ಬೋಸುಡಿ!”

“ತಡೀರಿ ಸಾ,” ಒಳಗಿಂದ ದನಿ ಬಂತು, “ಇಡೀ ವರ್ಷದ್ದಿದೆ.”

ಸಾಲು ಕಿಸಕ್ಕನೆ ನಕ್ಕಿತು, ಚದುರಲಿಲ್ಲ.

ಒತ್ತಿದ ಐದು ಅಳಿಯಲಿಲ್ಲ. ದೊಡ್ಡ ಸರ್ ಸೋಮವಾರ ಮೇಲಿನ ಕುರ್ಚಿಗೆ ಹೋದರು, ಹಾರ ಹಾಕಿಸಿಕೊಂಡು. ಆಯಾಳನ್ನು ಶನಿವಾರವೇ ಓಡಿಸಿದ್ದರು. ಗೇಟು ದಾಟುವಾಗ ಅವಳ ಮಡಿಲು ಒಂದು ಕಡೆ ಜಗ್ಗುತ್ತಿತ್ತು. ಗೇಟಿನಣ್ಣ ಅದನ್ನು ನೋಡಿಯೇ ಗೇಟು ಅಗಲಕ್ಕೆ ತೆಗೆದ. ಕಕ್ಕಸಿನ ಬೀಗ, ಕೀಲಿ ಎರಡೂ ಮಡಿಲಲ್ಲಿದ್ದವು.