ಫಿಟ್ಟರ್ ಕಳಕಪ್ಪನ ಸೈಕಲ್ಲು

ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಬಸವಣ್ಣೆಮ್ಮ ಸೀಗೆಪುಡಿ ಹಚ್ಚಿ ತಮ್ಮನ ಬೆರಳುಗಳನ್ನು ಮೂರನೆಯ ಸಲ ತಿಕ್ಕುತ್ತಿದ್ದಳು.

"ಬಿಡ್ರಿ ಅಕ್ಕಾರ," ಎಂದಳು ವಿರೂಪಾಕ್ಷಮ್ಮ. "ಮದುವಿ ದಿನಾನೂ ಅದು ಹೋಗಿದ್ದಿಲ್ಲ."

ಕಳಕಪ್ಪ ಕುಕನೂರಿನ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ. ನಿನ್ನೆ ಮಧ್ಯಾಹ್ನ ಯಂತ್ರದ ಪಟ್ಟಿ ಬಿಗಿಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಈಗ ಅವನ ಹಣೆಗೆ ವಿಭೂತಿ ಹಚ್ಚಿ, ಒಗೆದ ಅಂಗಿ ತೊಡಿಸಿ, ಗೋಡೆಗೆ ಆನಿಸಿ ಕೂರಿಸಿದರು. ಗಂಡನ ಪಕ್ಕದಲ್ಲಿ ಕೂತ ವಿರೂಪಾಕ್ಷಮ್ಮನಿಗೆ ಹೊರಗಿನ ಕಟ್ಟೆಯ ಮೇಲಿನ ಮಾತು ಕೇಳಿಸುತ್ತಿತ್ತು.

"ಮೂವತ್ತು ವರ್ಷ ಜೋಡಿ ದುಡದ್ವಿ. ಒಂದಿನಾ ದನಿ ಏರಿಸಿದ್ದು ಕೇಳಿಲ್ಲ," ಎಂದ ಗಿರಣಿಯ ಅಮರಪ್ಪ.

"ದನಿ ಏರಿಸಲಾರದನ ನನ್ನ ನಾಕ ಶುಕ್ರವಾರದ ರಜಾ ತಿಂದ, ಆ ಸೈಕಲ್ಲಿನ ಸಲುವಾಗಿ." ಅದು ಮಕ್ಬುಲಸಾಬ, ಗಿರಣಿಯ ಕುಲುಮೆಯವನು. "ಅಷ್ಟ ಮಾಡಿ, ತಾನು ಒಮ್ಮೆನೂ ಹತ್ತಲಿಲ್ಲ ನೋಡು."

"ಯಾಕಂತ?"

"ಅದು ಆಕಿದು ಅಂತಿದ್ದ."

*

ಎಂಟು ವರ್ಷದ ಹಿಂದೆ, ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಇಟಗಿಯಿಂದ ಕರೆ ಬಂದಿತ್ತು. ವಿರೂಪಾಕ್ಷಮ್ಮ ಸೂಲಗಿತ್ತಿ. ಬಂಡಿ ಸಿಗಲಿಲ್ಲವೆಂದು ಬಿಸಿಲಲ್ಲಿ ನಡೆದೇ ಹೋದಳು. ಆಕೆ ಬಾಗಿಲು ಮುಟ್ಟುವ ಹೊತ್ತಿಗೆ ಒಳಗೆ ಅಳು ಎದ್ದಿತ್ತು. ತಾಯಿಯೂ ಇಲ್ಲ, ಕೂಸೂ ಇಲ್ಲ. ಮನೆಗೆ ಬಂದವಳು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. "ಒಂದ ತಾಸು ಮೊದಲ ಹೋಗಿದ್ರ..." ಎಂದು ಅನ್ನುವಳು, ಅಲ್ಲಿಗೇ ನಿಲ್ಲಿಸುವಳು.

ಕಳಕಪ್ಪ ಸಮಾಧಾನದ ಒಂದು ಮಾತೂ ಆಡಲಿಲ್ಲ. ಮುಂದಿನ ಶುಕ್ರವಾರ ಸರ್ಕಾರಿ ಸುಂಕದ ನಾಕೆಗೆ ಹೋಗಿ ಅಲ್ಲಿಯ ಕೆಟ್ಟ ನೀರಿನ ಪಂಪು ರಿಪೇರಿ ಮಾಡಿಕೊಟ್ಟ. ಅದಕ್ಕೆ ಬದಲಾಗಿ, ವರ್ಗವಾಗಿ ಹೋದ ಅಮೀನ ಅಧಿಕಾರಿಯೊಬ್ಬರು ಬಿಟ್ಟುಹೋಗಿದ್ದ ಹಳೇ ವಿಲಾಯಿತಿ ಸೈಕಲ್ಲನ್ನು ಕೇಳಿ ಪಡೆದ. ಅದರ ಮೇಲೆ ಕೋಳಿಗಳು ಎಷ್ಟೋ ವರ್ಷ ಕೂತೆದ್ದಿದ್ದವು. ಚಕ್ರ ತಿರುಗುತ್ತಿರಲಿಲ್ಲವಾದ್ದರಿಂದ ಹೆಗಲ ಮೇಲೆ ಹೊತ್ತು ತಂದ.

"ಇದೇನ ತಂದ್ರಿ? ಗುಜರಿ ಅಂಗಡಿ ಇಡಾವರೇನು?"

"ನಿನಗ," ಎಂದ.

ಆಕೆ ನಕ್ಕುಬಿಟ್ಟಳು. ಇಟಗಿಯಿಂದ ಬಂದಮೇಲೆ ನಕ್ಕದ್ದು ಅದೇ ಮೊದಲು. ಅವನು ನಗಲಿಲ್ಲ. ಹುಣಸೆಹಣ್ಣು, ಮರಳು ಹಚ್ಚಿ ತುಕ್ಕು ತಿಕ್ಕಿದ. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಒಂದೊಂದೇ ಕೊಂಡಿ ಸಡಿಲಿಸಿದ. ಹೊಸ ಟಾಯರು, ಟ್ಯೂಬು ಗದಗಿನಿಂದ ಬಂದವು. ಕೊನೆಗೆ ಮಕ್ಬುಲಸಾಬನ ಕುಲುಮೆಯಲ್ಲಿ, ಸೀಟಿನಿಂದ ಹ್ಯಾಂಡಲಿನವರೆಗಿದ್ದ ಮೇಲಿನ ಕೊಳವೆಯನ್ನೇ ಕೊಯ್ದ.

"ಅಣ್ಣಾ, ಛಲೋ ಸೈಕಲ್ ಕೆಡಸಾಕ ಹತ್ತೀಯಲ್ಲ," ಎಂದು ಮಕ್ಬುಲಸಾಬ ಕೂಗಿದ್ದ.

"ಸೀರಿ ಉಟ್ಟಾಕಿ ಹೆಂಗ ಹತ್ತಬೇಕೋ?"

ಕೊಯ್ದ ಕೊಳವೆಯನ್ನು ಕಾಯಿಸಿ ಬಗ್ಗಿಸಿ, ಮೊಣಕಾಲಿಗಿಂತ ಕೆಳಗೆ ಬೆಸೆದರು. ಸೆರಗು ಸಿಗಬಾರದೆಂದು ಹಿಂದಿನ ಚಕ್ರಕ್ಕೆ ಕಳಕಪ್ಪ ನೂಲಿನ ಬಲೆ ಹೆಣೆದ. ಗಿರಣಿಯ ಅಂಗಳದಲ್ಲಿ ಆಕೆ ಏಳು ಸಲ ಬಿದ್ದಳು. ಊರ ಗಂಡಸರು ಗೋಡೆಯ ಮೇಲೆ ಕೂತು ನಕ್ಕರು. ಎಂಟನೆಯ ಸಲ ಬೀಳಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ, ನಕ್ಕವರಲ್ಲೇ ಇಬ್ಬರು ನಡುರಸ್ತೆಯಲ್ಲಿ ಆಕೆಯ ಸೈಕಲ್ಲು ನಿಲ್ಲಿಸಿ, "ಸೊಸಿಗೆ ಬ್ಯಾನಿ ಸುರುವಾಗ್ಯಾವ, ಲಗೂನ ಬಾರವ್ವ," ಎಂದು ಕೈಮುಗಿದರು.

*

ರುದ್ರಭೂಮಿ ಇರುವುದು ಹಳ್ಳದಾಚೆ, ತಳಕಲ್ಲಿನ ದಾರಿಗೆ. ಕುಣಿಯಲ್ಲಿ ಕೂರಿಸಿ, ಬಿಲ್ವಪತ್ರಿ ಹಾಕಿ, ಎಲ್ಲರೂ ಮಣ್ಣು ಕೊಟ್ಟರು. ಕೊನೆಯಲ್ಲಿ ಒಬ್ಬ ಗಂಡಸು ಏದುಸಿರು ಬಿಡುತ್ತ ಬಂದು ಒಂದು ಹಿಡಿ ಮಣ್ಣು ಹಾಕಿ, ತಲೆ ತಗ್ಗಿಸಿ ಹೊರಟ. ತಳಕಲ್ಲಿನ ಜಿಲಾನಸಾಬ. ಅವನ ಕಾಲು ಮೊಣಕಾಲತನಕ ಧೂಳಾಗಿತ್ತು.

"ಜಿಲಾನಸಾಬ, ಯಾಕ ಬಂದಿದ್ದಿ?" ವಿರೂಪಾಕ್ಷಮ್ಮ ಕೇಳಿದಳು.

"ಏನಿಲ್ಲವ್ವ. ನನಗ ಗೊತ್ತಿದ್ದಿಲ್ಲ, ಇಲ್ಲಿಗೆ ಬಂದ ಮ್ಯಾಲೆ ತಿಳೀತು."

"ನಿನ್ನ ಹೇಣ್ತಿ ಹಜರತಬೀಗೆ ಬ್ಯಾನಿ ಹಿಡದೈತೇನು?"

ಅವನು ತಲೆ ಎತ್ತಿದ. "ನಿನ್ನಿಯಿಂದ, ಯವ್ವಾ. ಕೂಸಿನ ಕೈ ಮುಂದ ಬಂದೈತಿ."

ವಿರೂಪಾಕ್ಷಮ್ಮ ಎದ್ದಳು. ಬಸವಣ್ಣೆಮ್ಮ ಆಕೆಯ ಸೆರಗು ಹಿಡಿದಳು. "ಎಲ್ಲಿಗೆ? ಕೈಯಾನ ಮಣ್ಣು ಇನ್ನೂ ಹಸಿ ಐತಿ. ಮಂದಿ ಏನಂದಾರು?"

"ಅನ್ಲಿ. ಅವರಿಗಿಂತ ಹೆಚ್ಚಿಗೆ ನೀವ ಬೈರಿ, ಹೊಳ್ಳಿ ಬಂದು ಕೇಳತೀನಿ. ಮಕ್ಬುಲಸಾಬ, ನನ್ನ ಚೀಲ, ಸೈಕಲ್ಲು ತರತೀಯೇನಪಾ?"

ಮಕ್ಬುಲಸಾಬ ಓಡಿದ. ಬಸವಣ್ಣೆಮ್ಮ ಸೆರಗನ್ನು ಕೂಡಲೇ ಬಿಡಲಿಲ್ಲ. ಆಮೇಲೆ ತಂಬಿಗೆ ಎತ್ತಿ ತಮ್ಮನ ಹೆಂಡತಿಯ ಕೈಗೆ ನೀರು ಹಾಕುತ್ತ, "ಮೊದಲ ಎರಡ ಗುಟಕ ಕುಡಿ. ನಿನ್ನಿಯಿಂದ ಹನಿ ನೀರು ಮುಟ್ಟಿಲ್ಲ ನೀ," ಎಂದಳು.

ಸೈಕಲ್ಲು ತಂದ ಮಕ್ಬುಲಸಾಬ ಹ್ಯಾಂಡಲ್ ಬಿಡದೆ ನಿಂತ. "ವೈನಿ, ಒಂದೀಟು ತಡೀರಿ. ಇವತ್ತ ದಾರಿ ಯಾರೂ ನೋಡಿಲ್ಲ."

"ದಾರ್ಯಾಗ ಏನು ನೋಡೂದೈತಿ?"

"ಜಾಲಿ ಮುಳ್ಳು. ಅಣ್ಣ ದಿನಾ ನಸುಕಿನ್ಯಾಗ ಆರಸ್ತಿದ್ದ. ಒಂದಿನ ಈ ಕಡೆ, ಒಂದಿನ ಇಟಗಿ ಕಡೆ. ನಿಮಗ ಹೇಳಬ್ಯಾಡ ಅಂದಿದ್ದ."

ವಿರೂಪಾಕ್ಷಮ್ಮ ಅವನ ಮುಖವನ್ನೇ ನೋಡಿದಳು. ನಸುಕಿನಲ್ಲಿ ತಂಬಿಗೆ ಹಿಡಿದು ಬಯಲಕಡೆಗೆ ಹೋದ ಗಂಡ ಬಿಸಿಲೇರಿದರೂ ಬರಲಿಲ್ಲವೆಂದು ಆಕೆ ಎಂಟು ವರ್ಷ ಬೈದಿದ್ದಳು. ಪಂಕ್ಚರ್ ಆಗದ ತನ್ನ ಟಾಯರೇ ಗಟ್ಟಿ ಎಂದು ಊರೆಲ್ಲ ಹೇಳಿಕೊಂಡಿದ್ದಳು.

ಮಕ್ಬುಲಸಾಬ ಆಗಲೇ ಮುಂದೆ ಹೋಗಿ ಬಗ್ಗಿದ್ದ. ಅವನ ಹಿಂದೆ ಅಮರಪ್ಪ ಹೋದ, ಜಿಲಾನಸಾಬ ಹೋದ. ಮಣ್ಣು ಕೊಟ್ಟು ಊರ ಕಡೆಗೆ ತಿರುಗಿದ್ದವರೂ ಏನೆಂದು ಕೇಳಿ, ಧೋತ್ರ ಎತ್ತಿ ಕಟ್ಟಿ, ಜಾಲಿಮರಗಳ ಸಾಲಿನ ಉದ್ದಕ್ಕೂ ಹರಡಿಕೊಂಡರು.

ಆಕೆ ಸೈಕಲ್ಲು ಹತ್ತಿದಳು. ಸದ್ದು ಕೇಳಿದಂತೆ ಗಂಡಸರು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿ ದಾರಿಯ ಎರಡೂ ಬದಿಗೆ ಸರಿದು ನಿಂತರು. ಸಮಾಧಿಯ ಮಣ್ಣು ಆರದ ಅವರ ಬೊಗಸೆಗಳ ತುಂಬ ಮುಳ್ಳಿದ್ದವು.