ತಟ್ಟಿದ ಮೇಲೆ ಮಾತಿಲ್ಲ

ಆ ಕಾರ್ಖಾನೆಯಿಂದ ಒಂದು ಸ್ಪೀಕರ್ ಪೆಟ್ಟಿಗೆ ಹೊರಗೆ ಹೋಗಬೇಕಾದರೆ ಅಣ್ಣ ಅದನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಬೇಕಿತ್ತು. ಅಪ್ಪ ಮಾಡಿಟ್ಟು ಹೋದ ಪದ್ಧತಿ ಅದು. ಪೆಟ್ಟಿಗೆಯನ್ನು ಕೇಳುವ ಕೋಣೆಗೆ ತಂದು ಹಾಡು ಹಾಕುವುದು, ಅಣ್ಣ ಕಣ್ಣು ಮುಚ್ಚಿ ಕೂರುವುದು, ಒಪ್ಪಿಗೆಯಾದರೆ ಎದ್ದು ಟಕ್ ಟಕ್. ಆಮೇಲಷ್ಟೇ ಅಪ್ಪನ ಹೆಸರಿನ ಹಿತ್ತಾಳೆ ಬಿಲ್ಲೆ ಅದರ ಮೈಮೇಲೆ ಏರುತ್ತಿತ್ತು. ಸ್ವರ ಅಳೆಯುವ ಯಂತ್ರವನ್ನು ಅಪ್ಪ ಹೊಸ್ತಿಲ ಒಳಗೆ ಬಿಟ್ಟಿರಲಿಲ್ಲ. ಕಿವಿ ಇದ್ದವನಿಗೆ ಮೀಟರ್ ಯಾಕೆ ಎನ್ನುತ್ತಿದ್ದರು. ಅಣ್ಣನೂ ಅದನ್ನೇ ಹೇಳುತ್ತಿದ್ದ, ಅಪ್ಪನಿಗಿಂತ ಗಂಟಲು ಏರಿಸಿ. ಕೆಲಸದವರೆಲ್ಲ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ತಟ್ಟಿದ ಮೇಲೆ ಮಾತಿಲ್ಲ, ಇದು ಅಲ್ಲಿನ ಕಾಯಿದೆ.

ಆ ಕಿವಿ ಈಗ ಕೈಕೊಡುತ್ತಿತ್ತು. ಒಂದು ಸಂಜೆ ಹೆಂಡತಿ, "ಅಯ್ಯೋ, ಸೊಳ್ಳೆ ನಿಮ್ಮ ಕಿವಿ ಹತ್ರಾನೇ ಗುಂಯ್ ಅಂತಿದೆ, ಹೊಡೀಬಾರದಾ?" ಎಂದಾಗ ಅವನಿಗೆ ಸೊಳ್ಳೆ ಕಂಡಿತೇ ಹೊರತು ಕೇಳಿಸಲಿಲ್ಲ. ಮಾರನೆಯ ದಿನದಿಂದ ಪೆಟ್ಟಿಗೆಗಳೆಲ್ಲ ಅವನಿಗೆ ಕಂಬಳಿ ಹೊದ್ದ ಹಾಗೆ ಮಂಕಾಗಿ ಕೇಳತೊಡಗಿದವು. ತಪ್ಪು ಯಾರದು? ಬಿಡಿಭಾಗ ಕೊಡುವವನದು! ಅವನನ್ನು ಫೋನಿನಲ್ಲಿ ಚೆನ್ನಾಗಿ ಝಾಡಿಸಿದ. ಮೇಲುಸ್ವರ ನುಡಿಸುವ ಚಿಕ್ಕ ಸ್ಪೀಕರಿಗೆ ಒಂಚೂರು ಜಾಸ್ತಿ ಬಲ ಕೊಡಿಸಿದ, ಮತ್ತೆ ಒಂಚೂರು, ಮತ್ತೂ ಒಂಚೂರು. ಒಳಗೊಳಗೇ ಗೊತ್ತಿತ್ತು ಅವನಿಗೆ. ಆದರೆ ಕಿವಿಯಣ್ಣನಿಗೆ ಕಿವಿ ಕೇಳಿಸುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಅದೊಂದು ಹೋದರೆ ಆ ಕಟ್ಟಡದಲ್ಲಿ ತಾನು ಯಾರು, ಕುರ್ಚಿ ಸವೆಸುವವನು ತಾನೇ?

ಹೀಗಿರುವಾಗ ತಂಗಿ ಸೌಂಡ್‌ಬಾರ್ ವಿಷಯ ತೆಗೆದಳು. ಅಂಗಡಿ, ಗಿರಾಕಿ, ವ್ಯವಹಾರವೆಲ್ಲ ಅವಳದು. ಉದ್ದನೆಯ, ಮೊಳಕೈ ದಪ್ಪದ ಒಂದು ಮಾದರಿಯನ್ನು ತಂದು ಅವನ ಮೇಜಿನ ಮೇಲಿಟ್ಟಳು.

"ಏನೇ ಇದು, ಕಿಟಕಿ ಸರಳಾ?"

"ತಮಾಷೆ ಸಾಕು. ಟೀವಿ ಕೆಳಗೆ ಇಡೋದು."

"ಅಪ್ಪನ ಹೆಸರು ಟೀವಿ ಕೆಳಗಾ? ಧಾರಾವಾಹಿಯವರು ಗೋಳಾಡೋದಕ್ಕೆ ನಾವು ಸ್ಪೀಕರ್ ಮಾಡ್ಬೇಕಾ?"

"ಗೋಳಾಡಲಿ, ಗೋಳಾದ್ರೂ ಸರಿಯಾಗಿ ಕೇಳಿಸ್ಲಿ! ಈಗಿನ ಟೀವಿ ರಟ್ಟಿನ ಹಾಗಿದೆ ಅಣ್ಣ, ಸ್ಪೀಕರ್ ಹಿಂದುಗಡೆ. ಅದು ಗೋಡೆ ಜೊತೆ ಮಾತಾಡುತ್ತೆ, ನಮ್ಮ ಜೊತೆ ಅಲ್ಲ. ಅಮ್ಮನ್ನೇ ಕೇಳು, ಕೆಳಗೆ ಬರೋ ಅಕ್ಷರ ಓದ್ಕೊಂಡು ಧಾರಾವಾಹಿ ನೋಡ್ತಾಳೆ. ನಿನ್ನ ಪೆಟ್ಟಿಗೆ ಇಡೋಕೆ ಯಾರ ಮನೇಲಿ ಜಾಗ ಇದೆ ಹೇಳು."

"ಜಾಗ ಇಲ್ಲದವರಿಗೆ ನಾವು ಮಾಡಲ್ಲ."

"ಹಾಗಂತ ಅಪ್ಪ ಯಾವತ್ತಾದ್ರೂ ಹೇಳಿದ್ರಾ? ಒಳ್ಳೇ ಸ್ವರ ಉಳ್ಳವರ ಸೊತ್ತು ಅಂತ?"

ಅದಕ್ಕೆ ಅವನು ಇನ್ನಷ್ಟು ಕೂಗಾಡಿದ. ಹೆಸರು ಮಣ್ಣುಪಾಲು ಎಂದ, ಹಳೇ ಗಿರಾಕಿಗಳು ಮೂಗು ಮುರಿಯುತ್ತಾರೆ ಎಂದ. ಅವನ ಹೆದರಿಕೆಯೇ ಬೇರೆ. ಹಳೇ ಪೆಟ್ಟಿಗೆಗಳಾದರೆ ಕೈಗೆ ಪಳಗಿದವು, ಕಣ್ಣು ಮುಚ್ಚಿದರೂ ನಡೆಯುತ್ತದೆ. ಈ ಹೊಸ ಕೋಲಿಗೆ ನಿಜವಾದ ಕಿವಿ ಬೇಕಿತ್ತು. ಅದರಲ್ಲೂ ಮನುಷ್ಯರ ಮಾತು! ಹಾಡು ಹೇಗಿರಬೇಕೆಂದು ಒಬ್ಬೊಬ್ಬರು ಒಂದೊಂದು ಹೇಳಬಹುದು. ಮಾತು ಹೇಗಿರುತ್ತದೆಂದು ಹಾಲು ಹಾಕುವವನಿಗೂ ಗೊತ್ತು.

ಕೊನೆಗೆ ತಂಗಿ ಸೋತವಳ ಹಾಗೆ, "ಆಯ್ತಪ್ಪಾ. ನೀನೇ ಇದನ್ನ ಹದ ಮಾಡು. ಭಾನುವಾರ ನಮ್ಮನೆ ಮಾಮೂಲಿ ಟೀವಿಗೆ ಹಾಕಿ ಎಲ್ಲರೂ ಕೇಳೋಣ. ನೀನು ತಟ್ಟಿದ್ರೆ ಮಾರೋಣ, ಇಲ್ದಿದ್ರೆ ಬಿಟ್ಬಿಡೋಣ. ಇನ್ನೇನು ಬೇಕು ನಿಂಗೆ?" ಎಂದಳು.

ಬೇಡ ಎಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜಂಬ ಬಿಡಬೇಕಲ್ಲ! ನನ್ನಿಂದ ಆಗುತ್ತೋ ಇಲ್ಲವೋ ನೋಡಿಯೇಬಿಡೋಣ ಎಂಬ ಹಟ ಹುಟ್ಟಿತು. ವಾರವಿಡೀ ಕೋಣೆಯ ಬಾಗಿಲು ಹಾಕಿಕೊಂಡು ಕೂತ. ವಾರ್ತೆ ಓದುವವಳ ದನಿಯನ್ನು ಮತ್ತೆ ಮತ್ತೆ ಹಾಕಿದ. ಮಂಕು, ಮಂಕು ಎನ್ನುತ್ತ ಮೇಲುಸ್ವರ ಏರಿಸುತ್ತ ಹೋದ. ಒಂದು ಮಧ್ಯಾಹ್ನ ಅವಳ ಮಾತು ಕನ್ನಡಿಯಂತೆ ಕೇಳಿಸಿತು. ಆಹಾ! ಕಿವಿಗೇನೂ ಆಗಿಲ್ಲ ಎಂದು ಅವನಿಗೆ ಅಳುವೇ ಬಂದಂತಾಯಿತು. ಎದ್ದು ಟಕ್ ಟಕ್ ತಟ್ಟಿದ.

ಭಾನುವಾರ ತಂಗಿಯ ಮನೆಯ ಹಾಲ್‌ನಲ್ಲಿ ಅಮ್ಮ ಸೋಫಾದ ತುದಿಗೆ ಕೂತಿದ್ದಳು. ಪಕ್ಕದಲ್ಲಿ ತಂಗಿಯ ಗಂಡ. ತಂಗಿ ಟೀವಿ ಹಾಕಿದಳು. ವಾರ್ತೆಯವಳು ಎರಡು ವಾಕ್ಯ ಓದಿರಲಿಕ್ಕಿಲ್ಲ, ಅಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಅಯ್ಯಯ್ಯೋ, ಆರಿಸ್ರೇ! ತಟ್ಟೆ ಮೇಲೆ ಚಮಚ ಕೆರೆದ ಹಾಗಿದೆ!"

ತಂಗಿಯ ಗಂಡ ಮುಖ ಹಿಂಡಿಕೊಂಡು ಎದ್ದೇ ಹೋದ. ಅಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನಿಗೆ ಆ ದನಿ ಈಗಲೂ ಚೆನ್ನಾಗಿಯೇ ಕೇಳುತ್ತಿತ್ತು.

ತಂಗಿ ಟೀವಿ ಆರಿಸಿದಳು. "ತಟ್ಟಿದ್ದೀನಿ ಅಂದೆಯಲ್ಲ ಅಣ್ಣ."

"ಹೂಂ."

"ಬೇಡ ಅಂತ ಹೇಳಿದ್ರೆ ನಾನು ಸುಮ್ನಾಗ್ತಿದ್ದೆ. ಬೇಕಂತ ಕೆಡಿಸಿ, ಮೇಲೆ ತಟ್ಟಿ, ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೀಬೇಕಿತ್ತಾ? ಅಪ್ಪನ ತಟ್ಟು ಅದು. ಅದರಲ್ಲೂ ಸುಳ್ಳು ಹೇಳೋ ಮಟ್ಟಕ್ಕೆ ಬಂದ್ಯಾ?"

ಹೌದು, ಬೇಕಂತಲೇ ಮಾಡಿದೆ ಎಂದುಬಿಡಲೇ? ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೆಟ್ಟವನಾದರೂ ಕಿವಿ ಇದ್ದವನಾಗಿ ಉಳಿಯಬಹುದು. ತಂಗಿ ನಾಲ್ಕು ದಿನ ಮುನಿಸಿಕೊಂಡಾಳು, ಆಮೇಲೆ ಸರಿಹೋದಾಳು. ಆದರೆ ಅವಳು ಅಳುತ್ತಿದ್ದಳು. ಅಪ್ಪ ಹೋದ ದಿನವೂ ಗಟ್ಟಿಯಾಗಿ ನಿಂತು ಎಲ್ಲರಿಗೂ ನೀರು ಕೊಟ್ಟವಳು, ಇವತ್ತು ರಿಮೋಟ್ ಹಿಡಿದುಕೊಂಡು ಮಗುವಿನ ಹಾಗೆ ಬಿಕ್ಕುತ್ತಿದ್ದಳು. ಅವನಿಗೆ ತಡೆಯಲಾಗಲಿಲ್ಲ.

"ನಂಗೆ ಕೇಳ್ಸಲ್ಲ ಕಣೇ," ಎಂದ. "ಆ ಕೆರೆಯೋ ಸದ್ದು ನಂಗೆ ಕೇಳ್ಸೋದೇ ಇಲ್ಲ. ಸೊಳ್ಳೆನೂ ಕೇಳ್ಸಲ್ಲ."

ಅಮ್ಮ ಸರಿದು ಬಂದು ಅವನ ಬೆನ್ನ ಮೇಲೆ ಕೈ ಇಟ್ಟಳು. ತಂಗಿ ಕಣ್ಣೊರೆಸಿಕೊಂಡು ಹತ್ತಿರ ಬಂದು ಕೂತಳು. ಬೈಯುತ್ತಾಳೆ ಎಂದುಕೊಂಡ. ಬೈಯಲಿಲ್ಲ.

"ಯಾವಾಗಿಂದ?"

"ಹೋದ ಬೇಸಿಗೆಯಿಂದ."

"ಅಲ್ಲಿಂದೀಚೆಗೆ ಕಳಿಸಿದ ಪೆಟ್ಟಿಗೆಗಳು?"

ಅವನು ನೆಲ ನೋಡಿದ. "ಯಾರೂ ಏನೂ ಅನ್ಲಿಲ್ಲವಲ್ಲ."

"ನೀನು ತಟ್ಟಿದ ಮೇಲೆ ಯಾರು ಅಂತಾರೆ ಅಣ್ಣ? ಅಷ್ಟು ದುಡ್ಡು ಸುರಿದವರು, ಅಷ್ಟು ಹೆಸರು ಕೇಳಿದವರು. ನಮ್ಮಮ್ಮ ಆಗಿದ್ದಕ್ಕೆ ಕಿವಿ ಮುಚ್ಕೊಂಡ್ಲು."

ಮಾರನೆಯ ಬೆಳಿಗ್ಗೆ ಕೇಳುವ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂತರು. ಸೌಂಡ್‌ಬಾರ್ ಮೂಲೆಯಲ್ಲಿತ್ತು, ಅದರ ಮಾತು ಯಾರೂ ಎತ್ತಲಿಲ್ಲ. ಪೆಟ್ಟಿಗೆ ಕೊಂಡವರಿಗೆಲ್ಲ ತಾನೇ ಫೋನ್ ಮಾಡಿ ವಾಪಸ್ ತರಿಸಿಕೊಳ್ಳುತ್ತೇನೆ ಎಂದು ಅಣ್ಣನೇ ಹೇಳಿದ್ದ. ಮೊದಲು ಸಂಗೀತದ ಮೇಷ್ಟ್ರಿಗೆ ಫೋನ್ ಹಚ್ಚಿದ. ಅಪ್ಪನ ಕಾಲದ ಗಿರಾಕಿ, ಮೆಲುಮಾತಿನವರು. ತಂಗಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟ.

"ಮೇಷ್ಟ್ರೇ, ನಾನು. ಹೋದ ವರ್ಷ ಕೊಟ್ಟ ಪೆಟ್ಟಿಗೆ ಹೇಗಿದೆ?"

"ಓ, ಬಹಳ ಚೆನ್ನಾಗಿದೆ, ಬಹಳ ಚೆನ್ನಾಗಿದೆ." ಮೇಷ್ಟ್ರು ದನಿ ತಗ್ಗಿಸಿದರು. "ನಿಮ್ಮ ಹತ್ರ ಮುಚ್ಚುಮರೆ ಏನು, ನಾನೇ ಈಚೆಗೆ ಜಾಸ್ತಿ ಕೇಳ್ತಿಲ್ಲ. ಚುಚ್ಚೋ ಹಾಗಿರುತ್ತಪ್ಪ. ನೀವು ತಟ್ಟಿ ಕಳಿಸಿದ್ದು, ಅದರಲ್ಲಿ ಐಬು ಇರೋಕೆ ಸಾಧ್ಯವೇ? ನನ್ನ ಕಿವಿಯೇ ಕೆಟ್ಟಿರಬೇಕು ಅಂತ ಡಾಕ್ಟರಿಗೂ ತೋರಿಸ್ಕೊಂಡು ಬಂದೆ. ವಯಸ್ಸು ನೋಡಿ. ಪಾಠಕ್ಕೆ ಬರೋ ಮಕ್ಕಳಿಗೂ ಬೇಡ ಅಂದುಬಿಟ್ಟೆ. ಕಿವಿ ಕೆಟ್ಟವನು ಏನು ಕಲಿಸೋದು?"

ಅಣ್ಣ ಬಾಯಿ ತೆರೆದ. ಮಾತು ಹೊರಡಲಿಲ್ಲ. ಫೋನಿನಲ್ಲಿ ಮೇಷ್ಟ್ರು, "ಹಲೋ? ಇದ್ದೀರಾ? ನೋಡಿ, ಇದೂ ನಂಗೆ ಕೇಳಿಸ್ತಿಲ್ಲ," ಎನ್ನುತ್ತಿದ್ದರು.

ತಂಗಿ ಫೋನಿಗೆ ಕೈ ಚಾಚಿದಳು. ಅವನು ಅವಳ ಕೈಯನ್ನು ಮೆಲ್ಲಗೆ ಸರಿಸಿದ.

"ಕೇಳಿಸ್ತಿದೆ ಮೇಷ್ಟ್ರೇ, ನಿಮಗೆ ಎಲ್ಲಾ ಸರಿಯಾಗೇ ಕೇಳಿಸ್ತಿದೆ," ಎಂದ. "ಕಿವಿ ಕೆಟ್ಟಿರೋದು ನಂದು."